ಎತ್ತರದ ಗಾಲಿ

ಹುಕ್ಕೇರಿ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದ ಆ ವಿಜ್ಞಾನ ಶಿಕ್ಷಕರಿಗೆ ಬಾಲ್ಯದ ವಿದ್ಯಾರ್ಜನೆಯೆಂದೊಡನೆ ಮೊದಲು ನೆನಪಾಗುವುದು ಪುಸ್ತಕವಲ್ಲ, ಹಾದಿ. ನಸುಕಿನಲ್ಲಿ ರೊಟ್ಟಿಯ ಗಂಟು ಕಟ್ಟಿಕೊಂಡು ಬರಿಗಾಲಲ್ಲಿ ಹೊರಟರೆ, ದೂರದಲ್ಲಿ ಹುಕ್ಕೇರಿಯ ಹಳೆಯ ಗುಮ್ಮಟಗಳು ಕಂಡಾಗ ಶಾಲೆ ಸಮೀಪಿಸಿತೆಂದು ಅರ್ಥ. ಗಂಟೆ ಬಾರಿಸುತ್ತ ತಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದ ಸೈಕಲ್ ಸವಾರರನ್ನು ಬಾಲಕ ಆಸೆಗಣ್ಣಿನಿಂದ ನೋಡುತ್ತಿದ್ದ. ಮುಂದೆ ಮೂಡಲಗಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕರಾದ ಮೇಲೆ, ಸಂಬಳದಲ್ಲಿ ಉಳಿಸಿ ಅವರು ಮೊದಲು ಕೊಂಡ ವಸ್ತು ಸೈಕಲ್ಲೇ. ಆದರೂ ಬಾಲ್ಯದ ಆ ಆಸೆ ಪೂರ್ತಿ ತೀರಿರಲಿಲ್ಲವೆಂಬುದು 1988ರಲ್ಲಿ ತಿಳಿಯಿತು.

ಆ ವರ್ಷ ಶಾಲೆಯಲ್ಲಿ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಅದಕ್ಕೆ ಸರಿಯಾಗಿ ನೂರು ವರ್ಷಗಳ ಹಿಂದೆ, 1888ರಲ್ಲಿ, ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಣ್ಣನೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದರು. ಕಬ್ಬಿಣದ ನೇಗಿಲನ್ನು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಆ ಮಹಾ ಉದ್ಯಮದ ಬೀಜ ಇದೇ ಜಿಲ್ಲೆಯ ಒಂದು ಸೈಕಲ್ ಅಂಗಡಿ. ಇದನ್ನು ಮಕ್ಕಳಿಗೆ ತಿಳಿಸಬೇಕು, ಜೊತೆಗೆ ಸೈಕಲ್ಲಿನ ಪೂರ್ವಜನನ್ನೂ ಕಣ್ಣಿಗೆ ತೋರಿಸಬೇಕು ಎಂದು ಮಾಸ್ತರರು ಸಂಕಲ್ಪಿಸಿದರು.

ಆ ಪೂರ್ವಜನೇ ಎತ್ತರದ ಗಾಲಿಯ ಬೈಸಿಕಲ್. 1870ರ ದಶಕದಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೊದಲಾದವರು ಅದನ್ನು ರೂಢಿಗೆ ತಂದರು. ಆಗ ಸರಪಳಿ ಇರಲಿಲ್ಲ. ಪೆಡಲುಗಳು ಮುಂದಿನ ಗಾಲಿಯ ಅಚ್ಚಿಗೇ ಜೋಡಿಸಿದ್ದವು. ಕಾಲು ಒಂದು ಸುತ್ತು ತುಳಿದರೆ ಗಾಲಿ ಒಂದೇ ಸುತ್ತು ಉರುಳುವುದು. ಹೆಚ್ಚು ದೂರ ಸಾಗಬೇಕಾದರೆ ಗಾಲಿಯನ್ನೇ ಹಿರಿದಾಗಿಸಬೇಕು. ಹೀಗೆ ಬೆಳೆದ ಗಾಲಿಗೆ ಕೊನೆಗೆ ಮಿತಿ ಹಾಕಿದ್ದು ಸವಾರನ ಕಾಲಿನ ಉದ್ದ. ಇಂಥ ವಾಹನವನ್ನೇರಿ ಥಾಮಸ್ ಸ್ಟೀವನ್ಸ್ ಎಂಬ ಸಾಹಸಿ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರಲ್ಲಿ ಉತ್ತರ ಭಾರತದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸಂಚರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಪ್ರವಾಸ ಮುಗಿಸಿದ.

ಅಂಥ ವಾಹನವನ್ನು ಮಾಡಿಕೊಡಲು ಒಪ್ಪಿದವನು ಗೋಕಾಕದ ಒಬ್ಬ ವೃದ್ಧ ಸೈಕಲ್ ಮಿಸ್ತ್ರಿ. ಜಲಪಾತದ ಬಳಿಯ ನೂಲಿನ ಗಿರಣಿಯ ಕಾರ್ಮಿಕರ ಸೈಕಲ್ಲುಗಳನ್ನು ದುರಸ್ತಿ ಮಾಡುತ್ತಲೇ ಅವನ ಆಯುಷ್ಯ ಸವೆದಿತ್ತು. ಚಿತ್ರವನ್ನು ನೋಡಿ ಅವನು ನಕ್ಕ: "ಮಾಸ್ತರ, ಇದು ಸೈಕಲ್ ಅಲ್ಲರಿ, ಗಾಲಿಗೆ ಸಿಕ್ಕ ಏಣಿ!" ಆದರೂ 48 ಅಂಗುಲದ ಗಾಲಿಯನ್ನು ಬಗ್ಗಿಸಿ, ತಂತಿಯ ಕಡ್ಡಿಗಳನ್ನು ಬಿಗಿದು, ಗಟ್ಟಿ ರಬ್ಬರಿನ ಪಟ್ಟಿ ಕೂಡಿಸಿ, ಹಿಂದುಗಡೆ ಮಕ್ಕಳ ಮೂರು ಗಾಲಿಯ ಸೈಕಲ್ಲಿನ ಚಿಕ್ಕ ಗಾಲಿಯನ್ನು ಜೋಡಿಸಿದ. ಎತ್ತಿನ ಬಂಡಿಯ ಗಾಲಿಯಲ್ಲಿ ಭಾರವು ಕೆಳಗಿನ ಮರದ ಕಾಲುಗಳ ಮೇಲೆ ನಿಲ್ಲುತ್ತದೆ. ತಂತಿಯ ಗಾಲಿಯಲ್ಲಾದರೋ ಸುತ್ತಲಿನ ಕಡ್ಡಿಗಳ ಬಿಗಿತವೇ ಭಾರವನ್ನು ಹೊರುತ್ತದೆ. ಈ ತತ್ತ್ವವನ್ನು ಓದಿ ಬಲ್ಲ ಮಾಸ್ತರರಿಗೆ ಅದರ ಮರ್ಮವನ್ನು ಬೆರಳ ತುದಿಯಿಂದ ತೋರಿಸಿಕೊಟ್ಟವನು ಓದುಬರಹ ಬಾರದ ಆ ಮಿಸ್ತ್ರಿ.

ಮಾಡಿಸಿದ್ದು ಸುಲಭ, ಏರುವುದು ಕಠಿಣ. ಹಿಂದಿನಿಂದ ಎರಡೂ ಹಿಡಿಗಳನ್ನು ಹಿಡಿದು, ಬೆನ್ನಿನ ಕೊಳವೆಯ ಮೇಲಿನ ಪುಟ್ಟ ಮೆಟ್ಟಿಲಲ್ಲಿ ಎಡಗಾಲನ್ನಿಟ್ಟು, ಬಲಗಾಲಿನಿಂದ ಕುಪ್ಪಳಿಸುತ್ತ ವೇಗ ಬಂದಾಗ ಆಸನಕ್ಕೆ ನೆಗೆಯಬೇಕು. ಅಷ್ಟರೊಳಗೆ ಸುತ್ತುತ್ತಿರುವ ಪೆಡಲು ಕಾಲಿಗೆ ಸಿಗಬೇಕು. ಸವಾರನ ಭಾರವೆಲ್ಲ ಮುಂದಿನ ಅಚ್ಚಿನ ಮೇಲೆಯೇ ಇರುವುದರಿಂದ ಗಾಲಿಗೆ ಕಲ್ಲು ಅಡ್ಡವಾದರೆ ವಾಹನವೇ ಮುಂದಕ್ಕೆ ಮಗುಚಿ ಅವನನ್ನು ತಲೆಕೆಳಗಾಗಿ ಎಸೆಯುತ್ತದೆ. "ಈ ವಯಸ್ಸಿನ್ಯಾಗ ಇದೆಲ್ಲಾ ಬೇಕೇನ್ರಿ?" ಎಂದು ಮನೆಯವರು ಕೇಳಿದ್ದು ವ್ಯರ್ಥವಾಗಲಿಲ್ಲ. ಎಂಟು ದಿನ ಶಾಲೆಯ ಬಯಲಿನಲ್ಲಿ ಸುಖವಾಗಿ ಸುತ್ತಿ, ಬೇಲಿಯಾಚೆಯ ಕಬ್ಬಿನ ಗದ್ದೆಗಳನ್ನು ಮೇಲಿನಿಂದ ನೋಡಿ ಹಿಗ್ಗಿದ ಮಾಸ್ತರರು ಒಂಬತ್ತನೆಯ ದಿನ ಎರೆಮಣ್ಣಿನಲ್ಲಿ ಒಣಗಿ ಗಟ್ಟಿಯಾಗಿದ್ದ ಬಂಡಿಯ ಜಾಡಿಗೆ ಸಿಕ್ಕಿ ಬಿದ್ದರು. ಎಡಗೈಯ ಮಣಿಕಟ್ಟು ಮುರಿಯಿತು. ಪ್ರದರ್ಶನದ ದಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಅವರು ವಿವರಣೆ ನೀಡಿದರು.

ಅಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಗಾಲಿಯ ಪಕ್ಕದಲ್ಲಿ ನಿಂತು ನೋಡಿದಳು. ಅದು ಅವಳ ತಲೆಯ ಸಮಕ್ಕೆ ಬಂದಿತ್ತು. "ಸರ್, ಸಣ್ಣವರು ಇದನ್ನ ಹ್ಯಾಂಗ ಹತ್ತಬೇಕರಿ?" ಎಂದಳು. ಸವಾರನ ಕಾಲಳತೆಗೆ ತಕ್ಕಂತೆ ಗಾಲಿ ಮಾಡಿಸುತ್ತಿದ್ದರೆಂದು ಅವರು ಹೇಳಿದರು. "ಹಂಗಾದರ ಇದು ನಮ್ಮಂಥವರಿಗಲ್ಲ ಬಿಡ್ರಿ" ಎಂದು ಅವಳು ಮುಂದೆ ಸರಿದಳು. ಸುತ್ತಲಿದ್ದವರು ನಕ್ಕರು, ಮಾಸ್ತರರೂ ನಕ್ಕರು.

ಸಂಕ್ರಾಂತಿ ಕಳೆದ ಮೇಲೆ ಆ ಹುಡುಗಿ ಶಾಲೆಗೆ ಬರಲಿಲ್ಲ. ಹದಿನೈದು ದಿನ ಕಾದು ಮಾಸ್ತರರು ಅವಳ ತೋಟದ ಮನೆಗೆ ಹೋದರು. ಎರಡು ಹರದಾರಿ ಹಾದಿ. ತಂದೆ ಕಂಬಳಿ ಹಾಸಿ ಕೂಡಿಸಿ, ನೀರು ಬೆಲ್ಲ ಕೊಟ್ಟು, ಸಂಕೋಚದಿಂದ ನುಡಿದ: "ಶಾಣ್ಯಾ ಅದಾಳ ಅಂತ ನನಗೂ ಗೊತ್ತೈತ್ರಿ. ಆದರ ಹೊತ್ತು ಮುಳುಗಿದ ಮ್ಯಾಲ ಆಕಿ ಒಬ್ಬಾಕೀನ ನಡಕೊಂತ ಬರೂದು, ನಾವು ಹಾದಿ ಕಾಯೂದು... ಎಷ್ಟ ದಿನಾ ಅಂತ ಮಾಡೂದ್ರಿ?" ಬಾಗಿಲ ಮರೆಯಲ್ಲಿ ಹುಡುಗಿ ನಿಂತಿದ್ದಳು. ಮಾಸ್ತರರಿಗೆ ಉತ್ತರ ಹೊಳೆಯಲಿಲ್ಲ.

ಪ್ರದರ್ಶನದ ಫಲಕದ ಮೇಲೆ ತಾವೇ ಬರೆದಿದ್ದ ಸಂಗತಿ ಮರಳುವ ಹಾದಿಯಲ್ಲಿ ಅವರಿಗೆ ನೆನಪಾಯಿತು. 1885ರಲ್ಲಿ ಜೇಮ್ಸ್ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲಿನಲ್ಲಿ ಸರಪಳಿಯಿಂದ ಹಿಂದಿನ ಗಾಲಿಯನ್ನು ತಿರುಗಿಸಿ, ಸವಾರನನ್ನು ನೆಲದ ಸಮೀಪಕ್ಕೆ ಇಳಿಸಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಎತ್ತರದ ಗಾಲಿ ಒಂದು ತುಳಿತಕ್ಕೆ ಸುಮಾರು 12½ ಅಡಿ ಸಾಗಿದರೆ, ತಗ್ಗಿದ ಸೈಕಲ್ಲು ಸರಪಳಿಯ ಬಲದಿಂದ 15 ಅಡಿಗೂ ಹೆಚ್ಚು ಸಾಗುತ್ತದೆ. ತಗ್ಗಿದ್ದರಿಂದ ದೂರವೇನೂ ಕಡಿಮೆಯಾಗಲಿಲ್ಲ. ಏರಬಲ್ಲವರ ಸಂಖ್ಯೆ ಮಾತ್ರ ಹೆಚ್ಚಿತು. ಬೇರೆಯವರಿಗಾಗಿ ಬರೆದಿದ್ದ ಆ ಸಾಲುಗಳ ಅರ್ಥ ಅವರಿಗಾದದ್ದು ಆ ಸಂಜೆ.

ಮರುದಿನ ಅವರು ತಮ್ಮ ಸ್ವಂತ ಸೈಕಲ್ಲನ್ನು ಗೋಕಾಕಕ್ಕೆ ಒಯ್ದರು. ಲಂಗ ಉಟ್ಟ ಹುಡುಗಿ ಏರುವಂತಾಗಬೇಕೆಂದಾಗ ಮಿಸ್ತ್ರಿ ಈ ಸಲ ನಗಲಿಲ್ಲ. ಮೇಲಿನ ಅಡ್ಡಕೊಳವೆಯನ್ನು ಕೊಯ್ದು ತೆಗೆದು, ಬೇರೊಂದನ್ನು ಕೆಳಕ್ಕೆ ಓರೆಯಾಗಿ ಬೆಸೆದ, ಆಸನವನ್ನು ತಗ್ಗಿಸಿದ, ಬೆಸುಗೆಯ ಖರ್ಚನ್ನಷ್ಟೇ ತೆಗೆದುಕೊಂಡ. ಹೆಣ್ಣುಮಗಳು ಸೈಕಲ್ ಹೊಡೆಯುವುದೇ ಎಂದು ಕೆಲವರು ಮೂಗೆಳೆದರು. ತಂದೆ ಎರಡು ದಿನ ಯೋಚಿಸಿ, ಮೂರನೆಯ ದಿನ ತಾನೇ ಹಿಂದಿನಿಂದ ಆಸನ ಹಿಡಿದು ಮಗಳಿಗೆ ಕಲಿಸಲು ನಿಂತ. ಮಾಸ್ತರರು ಶಾಲೆಗೆ ನಡೆದು ಬರತೊಡಗಿದರು. ಬಾಲ್ಯದಲ್ಲಿ ರೂಢಿಯಾಗಿದ್ದ ಕೆಲಸವೇ ಅದು.

1991ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಹುಡುಗಿ ಸೈಕಲ್ಲನ್ನು ಒರೆಸಿ, ಎಣ್ಣೆ ಹಾಕಿ ತಂದೊಪ್ಪಿಸಿದಳು. ಅದು ಮತ್ತೊಬ್ಬ ಹುಡುಗಿಗೆ ಹೋಯಿತು. ಸುದ್ದಿ ಕೇಳಿದ ಕೆಲವು ಹಳೆಯ ವಿದ್ಯಾರ್ಥಿಗಳು ತಮ್ಮ ಹಳೆಯ ಸೈಕಲ್ಲುಗಳನ್ನು ಕಳುಹಿಸಿದರು. ಅವೂ ಗೋಕಾಕಕ್ಕೆ ಹೋಗಿ ಅಡ್ಡಕೊಳವೆ ಕಳೆದುಕೊಂಡು ಬಂದವು. 2006-07ರಲ್ಲಿ ರಾಜ್ಯ ಸರ್ಕಾರವೇ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಮಾಸ್ತರರು ನಿವೃತ್ತರಾಗಿದ್ದರು.

ಎತ್ತರದ ಗಾಲಿ ಈಗಲೂ ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿದೆ. ಮಾಸ್ತರರು ಯಾವಾಗಲಾದರೂ ಬಂದರೆ, "ಇದನ್ನ ನೀವು ಹೊಡದೀರಂತ, ಖರೇನರಿ?" ಎಂದು ಮಕ್ಕಳು ಕೇಳುತ್ತಾರೆ. ಅವರು ಪೂರ್ತಿ ಮಡಚಲಾಗದ ಎಡಮಣಿಕಟ್ಟನ್ನು ತೋರಿಸಿ ನಗುತ್ತಾರೆ. ಗಾಲಿಯ ಬುಡದಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಕೊಳವೆಯೂ ಇದೆ. ಅಲ್ಲಿರುವ ಎಲ್ಲ ವಸ್ತುಗಳಿಗೂ ಹೆಸರಿನ ಚೀಟಿ ಅಂಟಿಸಿದೆ. ಅದೊಂದಕ್ಕೆ ಮಾತ್ರ ಇಲ್ಲ.