ಗಾಳಿಗೂ ಒಂದು ತೂಕದ ಕಲ್ಲು

ಅಡರಕಟ್ಟಿಯ ರೈತನೊಬ್ಬನಿಗೆ ಮಗಳ ವಿದ್ಯೆ ಅರ್ಥವಾದದ್ದು ತಕ್ಕಡಿಯ ಲೆಕ್ಕದಲ್ಲಿ. ಎಂ.ಎಸ್ಸಿ. ಓದುತ್ತಿದ್ದ ಹುಡುಗಿ ರಜೆಗೆ ಬಂದಾಗ ಎರಿ ಹೊಲದಿಂದ ಜೋಳದ ಎಲೆ, ಕಡಲೆ ಗಿಡದ ಎಲೆ ಕಿತ್ತು ಪೊಟ್ಟಣ ಕಟ್ಟಿಕೊಂಡಳು. "ಇವನ್ನ ಸುಟ್ಟು, ಬರೋ ಗಾಳಿ ಅಳೀತೀವಪ್ಪಾ" ಎಂದಳು. "ಗಾಳಿ ತೂಗಾಕ ಕಲ್ಲು ಯಾವುದವಾ?" ಎಂದು ಆತ ಕೇಳಿದ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವನು ಕೇಳಿದ ಈ ಪ್ರಶ್ನೆಯಲ್ಲೇ ಇಡೀ ವಿಷಯವಿದೆ.

ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 1.1ರಷ್ಟು ಮಾತ್ರ ತುಸು ಭಾರದವು, ಅವೇ ಇಂಗಾಲ-13. ಜೋಳ, ಕಬ್ಬು, ಗೋವಿನಜೋಳದಲ್ಲಿ ಇದರ ಪ್ರಮಾಣ ಅಂತರರಾಷ್ಟ್ರೀಯ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 12ರಷ್ಟು ಕಡಿಮೆ. ಕಡಲೆ, ಶೇಂಗಾ, ಹತ್ತಿಯಲ್ಲಿ ಸುಮಾರು 27ರಷ್ಟು ಕಡಿಮೆ. ಆ ಮಾನಕವೂ ವಿಚಿತ್ರವೇ: ಅಮೆರಿಕದ ದಕ್ಷಿಣ ಕೆರೊಲಿನಾದ ಪೀಡೀ ಎಂಬಲ್ಲಿಯ ಪಳೆಯುಳಿಕೆ ಸುಣ್ಣ. ಅದು ಎಂದೋ ಮುಗಿದುಹೋಯಿತು. ಈಗ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅಮೃತಶಿಲೆಯ ಪುಡಿಯನ್ನು ಹಂಚಿ ಆ ಅಳತೆಯನ್ನು ಉಳಿಸಿಕೊಂಡು ಬಂದಿದೆ.

ದಿನನಿತ್ಯದ ಕೆಲಸಕ್ಕೆ ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಬೇಕು. ಮಾಸ್ ಸ್ಪೆಕ್ಟ್ರೋಮೀಟರು ಎಲೆಯ ಅನಿಲವನ್ನು ಇದರೊಂದಿಗೆ ಹೋಲಿಸಿ ನೋಡುತ್ತದೆ. ತೊಡಕಿರುವುದು ಇಲ್ಲೇ. ಸಿಲಿಂಡರಿನ ಚೀಟಿಯ ಮೇಲೆ 99.999 ಶುದ್ಧ ಎಂದಿರುತ್ತದೆ. ಆದರೆ ಶುದ್ಧಿ ಬೇರೆ, ಹುಟ್ಟು ಬೇರೆ. ಕಾಕಂಬಿ ಹುಳಿಸಿದಾಗ ಬಂದ ಅನಿಲ ಕಬ್ಬಿನ ಗುಣವನ್ನು ಹೊತ್ತಿರುತ್ತದೆ. ನೈಸರ್ಗಿಕ ಅನಿಲದಿಂದ ಬಂದದ್ದರಲ್ಲಿ ಇಂಗಾಲ-13 ಬಹಳ ಕಡಿಮೆ. ಎರಡೂ ಸಿಲಿಂಡರು ನೋಡಲು ಒಂದೇ. ಆದ್ದರಿಂದ ಅಳೆಯಬೇಕಾದ ವಸ್ತುವಿಗೆ ಹತ್ತಿರದ ಅನಿಲವನ್ನು ಹುಡುಕಿ ತರಬೇಕು, ತಂದ ಮೇಲೆ ಬೆಲೆ ಗೊತ್ತಿರುವ ಪುಡಿಯೊಂದಿಗೆ ತಾಳೆ ನೋಡಬೇಕು.

ಹುಡುಗಿಯ ಪ್ರಯೋಗಾಲಯದಲ್ಲಿ ಒಂದು ದಿನ ಸಿಲಿಂಡರು ಬದಲಾಯಿತು. ಯಾರು, ಯಾವ ಹೊತ್ತಿಗೆ ಬದಲಿಸಿದರೆಂದು ಪುಸ್ತಕದಲ್ಲಿ ಬರೆಯಲಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಅನಿಲದ ಅಂಕಿಯೇ ಉಳಿಯಿತು. ಅವಳೂ ಅವಸರದಲ್ಲಿ ಎರಡು ದಿನ ಸಕ್ಕರೆಯ ಮಾದರಿಯನ್ನು ಓಡಿಸಿರಲಿಲ್ಲ. (ಕಬ್ಬಿನ ಸಕ್ಕರೆಯೇ ಅಲ್ಲಿಯ ತಾಳೆಯ ಪುಡಿ, ಅಗ್ಗ, ಅನುಕೂಲ.) ಮೂರನೆಯ ದಿನ ಓಡಿಸಿದಾಗ ಸಕ್ಕರೆಯ ಅಂಕಿ ಸಾವಿರಕ್ಕೆ 3ರಷ್ಟು ಜಾರಿತ್ತು.

ವ್ಯತ್ಯಾಸ ದೊಡ್ಡದಾಗಿದ್ದರೆ ಆಗಲೇ ಕಣ್ಣಿಗೆ ಬೀಳುತ್ತಿತ್ತು. ಮೂರು ಎಂಬುದೇ ಮೋಸದ ಅಂಕಿ. ಎರಿ ಭೂಮಿಯ ಜೋಳದಲ್ಲೇ ಏನೋ ವಿಶೇಷವಿದೆ ಎಂದು ಪ್ರಬಂಧ ಬರೆದುಬಿಡಬಹುದು! ಮೂರನೆಯ ದಿನದ್ದನ್ನು ಸಕ್ಕರೆಯ ಆಧಾರದಿಂದ ತಿದ್ದಬಹುದಿತ್ತು. ಮೊದಲೆರಡು ದಿನದ ಜೋಳದಲ್ಲಿ ಯಾವುದು ಹಳೆಯ ಅನಿಲದ್ದು, ಯಾವುದು ಹೊಸತರದ್ದು? ಅಂದಾಜಿನ ಮೇಲೆ ಮೂರು ಕೂಡಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರೇ ವಾರ. ಅವಳು ಆ ಎರಡು ಪುಟಗಳಿಗೆ ಅಡ್ಡಗೆರೆ ಎಳೆದು, ಊರಿಗೆ ಫೋನು ಮಾಡಿದಳು.

ಹೊಲದಲ್ಲಿ ಬೆಳೆ ಎಲ್ಲಿ ಉಳಿದೀತು? ಸುಗ್ಗಿ ಮುಗಿದಿತ್ತು. ಪುಣ್ಯಕ್ಕೆ ಎತ್ತುಗಳಿಗೆಂದು ಒಟ್ಟಿದ ಕಣಿಕೆಯ ಬಣವಿ ಇತ್ತು. ಒಣಗಿಸಿಟ್ಟ ಎಲೆಯಲ್ಲಿ ಈ ಪ್ರಮಾಣ ಹಾಗೇ ಉಳಿದಿರುತ್ತದೆ. ಮರುದಿನ ಲಕ್ಷ್ಮೇಶ್ವರದ ಬಸ್ ನಿಲ್ದಾಣದಿಂದ ಅಪ್ಪ ಮತ್ತೆ ಫೋನು ಮಾಡಿದ.

"ಚೀಲ ಬಸ್ಸಿಗೆ ಹಾಕೇನವಾ. ಮ್ಯಾಲಿಂದು ಮಳಿಗೆ ತೊಯ್ದಿತ್ತು, ಒಳಗಿಂದು ಹಿರದು ಕೊಟ್ಟೇನಿ. ಎಲ್ಲಾ ನಮ್ಮ ಹೊಲದ್ದ ಐತಿ. ಮಂದೀದು ಒಂದು ಎಲೀನೂ ಕೂಡಿಲ್ಲ."