ಇಪ್ಪತ್ತೊಂದು ಫ್ರೇಮಿನ ಬಸ್ಸು

ನಮ್ಮೂರಿಂದ ತಿಪಟೂರಿಗೆ ಬೆಳಗ್ಗೆ ಇದ್ದಿದ್ದು ಒಂದೇ ಬಸ್ಸು, ಏಳು ಗಂಟೆಗೆ. ಪಿಯುಸಿ ಓದುವಾಗ ನಾನು ಆರೂವರೆಗೇ ಹೋಗಿ ಅರಳಿಕಟ್ಟೆ ಮೇಲೆ ಕೂತಿರುತ್ತಿದ್ದೆ. ಪಕ್ಕದ ಮನೆಯ ಗೆಳೆಯ ಏಳಕ್ಕೆ ಒಂದು ನಿಮಿಷ ಇದ್ದಾಗ ರೊಟ್ಟಿ ಸುರುಳಿ ಬಾಯಲ್ಲಿಟ್ಟುಕೊಂಡೇ ಓಡಿಬಂದು ಹತ್ತುತ್ತಿದ್ದ. ಇಬ್ಬರೂ ತಿಪಟೂರಲ್ಲಿ ಇಳಿಯುತ್ತಿದ್ದುದು ಒಂದೇ ಹೊತ್ತಿಗೆ. “ಅಷ್ಟ್ ಬೇಗ ಹೋಗಿ ಏನ್ ಕಡ್ದು ಕಟ್ಟೆ ಹಾಕ್ದೆ?” ಅಂತ ಅಪ್ಪ ನಗೋರು.

ಹದಿನೈದು ವರ್ಷ ಆದಮೇಲೆ ಅದೇ ಬಸ್ಸು ನನಗೆ ಮತ್ತೆ ಸಿಕ್ಕಿತು. ಸಿಕ್ಕಿದ್ದು ಸೂಪರ್ ಮಾರಿಯೋ ಬ್ರದರ್ಸ್ ಒಳಗೆ!

1985ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ಆಟ ಅದು. ನಿಮ್ಮಲ್ಲಿ ಬಹಳ ಜನ ಆಡಿರ್ತೀರಿ, ಆದರೆ ಒರಿಜಿನಲ್ ಯಂತ್ರದಲ್ಲಿ ಅಲ್ಲ. ನಮಗೆಲ್ಲ ಗೊತ್ತಿದ್ದುದು ಟಿವಿಗೆ ಸಿಕ್ಕಿಸುವ ನಕಲಿ ಡಬ್ಬ, ಅದರ ಜೊತೆ ಸಾವಿರಾರು ಆಟ ಇವೆ ಅಂತ ಬರೆದು ಒಳಗೆ ಹತ್ತನ್ನೇ ತಿರುಗಾಮುರುಗಾ ತುಂಬಿದ ಕ್ಯಾಸೆಟ್. ನಮ್ಮ ಬೀದಿಯಲ್ಲಿ ಅದು ಇದ್ದಿದ್ದು ಆ ಗೆಳೆಯನ ಮನೆಯಲ್ಲಿ ಮಾತ್ರ. ಅವರ ಮಾವ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿಂದ ತಂದುಕೊಟ್ಟಿದ್ದರು. ಬೇಸಿಗೆ ರಜೆಯಲ್ಲಿ ಅವರ ನಡುಮನೆಯಲ್ಲಿ ಏಳೆಂಟು ಹುಡುಗರು. ಒಬ್ಬರಿಗೆ ಒಂದು ಲೈಫ್, ಸತ್ತರೆ ರಿಮೋಟ್ ಪಕ್ಕದವನಿಗೆ. ಡಬ್ಬ ಅವನದೇ ಆದರೂ ಅವನಿಗೂ ಅದೇ ಕಾನೂನು. ಕರೆಂಟು ಹೋದರೆ ಎಲ್ಲರೂ ತೋಟಕ್ಕೆ. ಕೊನೇ ಹಂತ ಮುಟ್ಟಿದವರು ಯಾರೂ ಇರಲಿಲ್ಲ.

2021ರಲ್ಲಿ ಮನೆಯಿಂದಲೇ ಕೆಲಸ ನಡೀತಿದ್ದಾಗ, ಒಂದು ಮೀಟಿಂಗನ್ನು ಮ್ಯೂಟ್ ಮಾಡಿಟ್ಟು ವಿಡಿಯೋ ಒಂದು ನೋಡ್ತಾ ಕೂತಿದ್ದೆ. ನಿಫ್ಟ್‌ಸ್ಕಿ ಅನ್ನೋ ಹೆಸರಿನಲ್ಲಿ ಆಡುವ ಅಮೆರಿಕದ ಹುಡುಗ ಅದೇ ಮಾರಿಯೋವನ್ನು ಶುರುವಿನಿಂದ ಕೊನೆವರೆಗೆ 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿದ್ದ. 4 ನಿಮಿಷ 55 ಸೆಕೆಂಡಿನ ಗೆರೆಯನ್ನು ಮನುಷ್ಯ ದಾಟಿದ್ದು ಅದೇ ಮೊದಲು. ಅದೂ ಸಾಮಾನ್ಯ ಕಂಪ್ಯೂಟರ್ ಕೀಬೋರ್ಡಿನಲ್ಲಿ! ನನ್ನ ಮುಂದೆ ಇದ್ದಿದ್ದೂ ಅದೇ ಥರದ್ದು. ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಒಂದು ಆಟವನ್ನು ಎಷ್ಟು ಬೇಗ ಮುಗಿಸಬಹುದು ಅಂತ ನೋಡುವ ಈ ಪಂದ್ಯಕ್ಕೆ ಸ್ಪೀಡ್‌ರನ್ನಿಂಗ್ ಅಂತಾರೆ. 2016ರಲ್ಲಿ ಡಾರ್ಬಿಯನ್ ಅನ್ನೋ ಆಟಗಾರ, ಪರದೆಯ ಮೂಲೆಯಲ್ಲಿ ತನ್ನ ಎದೆಬಡಿತದ ಅಂಕಿ ತೋರಿಸ್ತಾ, ಇದನ್ನು 4 ನಿಮಿಷ 56.878 ಸೆಕೆಂಡಿಗೆ ಇಳಿಸಿದ್ದ. ಅಲ್ಲಿಂದ ನಿಫ್ಟ್‌ಸ್ಕಿಯ ಆ ಆಟಕ್ಕೆ ಬರೋಕೆ ನಾಲ್ಕೂವರೆ ವರ್ಷ ಬೇಕಾಯಿತು. ಉಳಿದಿದ್ದು ಎರಡು ಸೆಕೆಂಡಿಗೂ ಕಡಿಮೆ.

ಯಾಕಿಷ್ಟು ಕಷ್ಟ? ಇಲ್ಲೇ ನಮ್ಮೂರ ಬಸ್ಸು ಬರೋದು. ಆಟದಲ್ಲಿ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ, ಒಂದೊಂದೂ ಒಂದು ಫ್ರೇಮ್. ಒಂದು ಹಂತ ಮುಗಿದ ಕೂಡಲೇ ಮುಂದಿನದು ಶುರುವಾಗಲ್ಲ. ಒಳಗೆ 21 ಫ್ರೇಮಿಗೊಮ್ಮೆ ಸುತ್ತುವ ಒಂದು ಗಡಿಯಾರ ಇದೆ, ಅದರ ಸುತ್ತು ಮುಗಿದಾಗ ಮಾತ್ರ ಮುಂದಕ್ಕೆ. ಅಂದರೆ 0.35 ಸೆಕೆಂಡಿಗೊಂದು ಬಸ್ಸು. ನೀವು 20 ಫ್ರೇಮ್ ಮುಂಚೆ ಬಂದರೂ ಒಂದು ಫ್ರೇಮ್ ಮುಂಚೆ ಬಂದರೂ ಹೊರಡೋದು ಒಟ್ಟಿಗೇ. ಈ ಬಸ್ಸಿನ ಹೋಲಿಕೆ ನನ್ನದಲ್ಲ, ಮಾರಿಯೋ ಓಡಿಸುವವರೆಲ್ಲ ಹೊಸಬರಿಗೆ ಹೀಗೇ ಹೇಳೋದು. ಅದನ್ನು ಕೇಳಿದ ದಿನ ನನಗೆ ಅರಳಿಕಟ್ಟೆ ಕಣ್ಣಮುಂದೆ ಬಂತು. ಹಿಂದಿನ ಬಸ್ಸು ಸಿಗುವಷ್ಟು ಸಮಯ ಉಳಿಸಿದರೆ ಮಾತ್ರ ಲೆಕ್ಕ. ಈ ನಿಯಮ ಇಲ್ಲದಿರೋದು ಕೊನೆಯ 8-4ರಲ್ಲಿ ಮಾತ್ರ. ಅಲ್ಲಿ ಕೊಡಲಿ ಮುಟ್ಟಿದ ಕ್ಷಣಕ್ಕೇ ಆಟ ಮುಗೀತು, ಒಂದೊಂದು ಫ್ರೇಮಿಗೂ ಬೆಲೆ.

ಶುರುಮಾಡಿದೆ. ಮೊದಲ ವಾರ ಒಂಬತ್ತು ನಿಮಿಷ, ಎರಡು ತಿಂಗಳಿಗೆ ಐದೂವರೆ, ಮಳೆಗಾಲ ಮುಗಿಯುವ ಹೊತ್ತಿಗೆ 5 ನಿಮಿಷ 9 ಸೆಕೆಂಡ್. “ಇದಕ್ಕೆ ಸಂಬಳ ಏನಾದ್ರೂ ಬರುತ್ತೇನೋ?” ಅಂತ ಅಮ್ಮ ಫೋನಿನಲ್ಲಿ ಕೇಳಿದರು.

ಒಬ್ಬನೇ ಆಡಿ ಬೇಜಾರಾಗಿ ಆಫೀಸಿನ ಇಬ್ಬರನ್ನು ಎಳೆದೆ. ಅವರು ತಮ್ಮ ಗೆಳೆಯರನ್ನು ಕರೆತಂದರು. ಭಾನುವಾರ ಬೆಳಗ್ಗೆ ಬನಶಂಕರಿಯ ನನ್ನ ಬಾಡಿಗೆ ಮನೆಯ ಹಾಲಿನಲ್ಲಿ ಐದಾರು ಜನ, ಎರಡು ಲ್ಯಾಪ್‌ಟಾಪ್, ಮಂಡಕ್ಕಿ, ಕಾಫಿ. ಇಂಥ ಕೂಟಗಳೆಲ್ಲ ಹೀಗೇ ಹುಟ್ಟೋದು ಅಂತ ನಾವು ಬೀಗುತ್ತಿದ್ದೆವು. ಗೇಮ್ಸ್ ಡನ್ ಕ್ವಿಕ್ ಕಥೆ ಕೇಳಿ. 2010ರ ಜನವರಿಯಲ್ಲಿ ಅಮೆರಿಕದ ಕೆಲವರು ಹಳೇ ಆಟಗಳನ್ನು ಓಡಿಸಿ ಚಂದಾ ಎತ್ತೋಣ ಅಂತ ಹೊರಟರು. ಗೊತ್ತುಮಾಡಿದ್ದ ಹೋಟೆಲಿನಲ್ಲಿ ಇಂಟರ್‌ನೆಟ್ ಕೈಕೊಟ್ಟಿತು. ಸಂಘಟಕ ಮೈಕ್ ಉಯಾಮಾ ಎಲ್ಲರನ್ನೂ ತನ್ನ ತಾಯಿಯ ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲೇ ಆಡಿ, ಕೇರ್ ಸಂಸ್ಥೆಗೆ 10,000 ಡಾಲರಿಗೂ ಹೆಚ್ಚು ಕೂಡಿಸಿದರು. ಈಚಿನ ವರ್ಷಗಳಲ್ಲಿ ಅದೇ ಬಳಗ ಒಂದೇ ವಾರದಲ್ಲಿ 30 ಲಕ್ಷ ಡಾಲರ್ ದಾಟಿದ್ದೂ ಉಂಟು.

ನಮ್ಮ ಹಾಲಿಗೆ ಹೀಗೊಬ್ಬ ಹುಡುಗ ಬಂದ. ಚಿಂತಾಮಣಿ ಕಡೆಯವನು, ಡಿಪ್ಲೊಮಾ ಕೊನೇ ವರ್ಷ. ಬೆರಳು ಮಿಂಚು. ಮೂರೇ ವಾರಕ್ಕೆ ಉಳಿದವರನ್ನೆಲ್ಲ ಹಿಂದೆ ಹಾಕಿ ನನ್ನ ಹತ್ತಿರ ಹತ್ತಿರ ಬಂದ. ಅವನು ಒದ್ದಾಡುತ್ತಿದ್ದುದು 4-2 ಹಂತದಲ್ಲಿ.

4-2ರಲ್ಲಿ ಒಂದು ಬಳ್ಳಿ ಹತ್ತಿದರೆ ನೇರ 8-1ಕ್ಕೆ ಹೋಗುವ ಜಾಗ ಸಿಗುತ್ತೆ. ಆದರೆ ಬಳ್ಳಿ ಹತ್ತೋದು ನಿಧಾನ. ಹತ್ತಿರದಲ್ಲೇ ಒಂದು ಕೊಳವೆ ಇದೆ, ಅದು ಬರೀ ನಾಣ್ಯದ ಕೋಣೆಗೆ ಹೋಗುತ್ತೆ. ಆದರೆ ಇಟ್ಟಿಗೆಗೆ ಬೇಕೆಂದೇ ಡಿಕ್ಕಿ ಹೊಡೆದು ಮಾರಿಯೋವನ್ನು ಪರದೆಯ ಮೇಲೆ ಇರಬೇಕಾದ ಜಾಗಕ್ಕಿಂತ ಒಂದಿಷ್ಟು ಬಲಕ್ಕೆ ಸರಿಸಿಕೊಂಡು ಅದೇ ಕೊಳವೆಗೆ ಇಳಿದರೆ ಆಟಕ್ಕೆ ಗೊಂದಲ. ಕೊಳವೆಯ ವಿಳಾಸ ಇನ್ನೂ ಬದಲಾಗಿರಲ್ಲ, ಹಳೇ ವಿಳಾಸವೇ ಉಳಿದಿರುತ್ತೆ. ಹಾಗಾಗಿ ಬಳ್ಳಿ ಕರೆದೊಯ್ಯುವ ಜಾಗಕ್ಕೇ ನಿಮ್ಮನ್ನು ಬಿಡುತ್ತೆ. ಹಿಂದಿನ ಊರಿನ ಬೋರ್ಡು ಬದಲಾಯಿಸೋದು ಮರೆತ ಬಸ್ಸಿನ ಥರ.

ಎಲ್ಲಿ ಜಿಗಿಯಬೇಕು, ಯಾವ ಇಟ್ಟಿಗೆ ಎದುರಿಗೆ ಬಂದಾಗ ಕೀ ಬಿಡಬೇಕು ಅನ್ನುವ ಗುರುತು ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಲಿತಿದ್ದೆ. ಹುಡುಗ ಕೇಳಿದ: “ಅಣ್ಣಾ, ಇಲ್ಲಿ ನೀವು ಹೆಂಗೆ ಮಾಡ್ತೀರಾ?”

“ಪ್ರಾಕ್ಟೀಸ್ ಮಾಡು, ಕೈಗೆ ಬರುತ್ತೆ” ಅಂದೆ.

ಮುಂದಿನ ವಾರ ಮತ್ತೆ ಕೇಳಿದ. ಅದೇ ಉತ್ತರ ಕೊಟ್ಟೆ. ಆಮೇಲೆ ಅವನು ಬರೋದು ಬಿಟ್ಟ. ಅವನ ಜೊತೆ ಬರುತ್ತಿದ್ದ ಇನ್ನಿಬ್ಬರೂ ಬಿಟ್ಟರು. ಒಂದು ಭಾನುವಾರ ಹಾಲಿನಲ್ಲಿ ನಾನು, ಆಫೀಸಿನ ಒಬ್ಬ, ಆರು ಜನಕ್ಕಾಗುವಷ್ಟು ಮಂಡಕ್ಕಿ. ನನ್ನ 5:04 ನಮ್ಮ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲೇ ಇತ್ತು. ನೋಡೋಕೆ ಮಾತ್ರ ಯಾರೂ ಇರಲಿಲ್ಲ.

ಆವತ್ತು ರಾತ್ರಿ ನೆನಪಾಗಿದ್ದು ಏಳು ಗಂಟೆಯ ಬಸ್ಸು. ಎರಡನೇ ಪಿಯುಸಿಯಲ್ಲಿ ಚಿಕ್ಕಪ್ಪನ ಮಗ ಬೆಂಗಳೂರಿಂದ ಸಿಇಟಿ ಕೋಚಿಂಗಿನ ನೋಟ್ಸ್ ಕಳಿಸಿದ್ದ. ನೀಲಿ ಫೈಲು. ಬಸ್ಸಿನಲ್ಲಿ ತೆಗೆದು ಓದುತ್ತಿದ್ದೆ. ಗೆಳೆಯ ರೊಟ್ಟಿ ಅಗಿಯುತ್ತಾ ಪಕ್ಕ ಕೂತು “ಏನೋ ಅದು?” ಅಂದರೆ, “ಏನಿಲ್ಲ, ಹಳೇದು” ಅಂತ ಬ್ಯಾಗಿಗೆ ತುರುಕುತ್ತಿದ್ದೆ. ಅಲ್ಲಿ ಸೀಟುಗಳು ಎಣಿಕೆಯವು, ಅವನು ಮೇಲೆ ಹೋದರೆ ನಾನು ಕೆಳಗೆ ಅನ್ನುವ ಭಯ. ನನಗೆ ಬಿಇ ಸೀಟು ಸಿಕ್ಕಿತು, ಅವನಿಗೆ ಸಿಗಲಿಲ್ಲ. ಆ ಫೈಲಿನಿಂದಲೇ ಹಾಗಾಯಿತು ಅಂತ ಹೇಳಲಾರೆ. ಆದರೆ ತನ್ನ ಡಬ್ಬದಲ್ಲಿ ನಮಗೆಲ್ಲ ಒಂದೊಂದು ಲೈಫ್ ಕೊಟ್ಟವನು ಅವನು.

ಮತ್ತೆ ಈ ಆಟದಲ್ಲಿ ಸೀಟು ಎಲ್ಲಿದೆ? ಹುಡುಗ 4:59 ಮಾಡಿದರೆ ನನ್ನ 5:04 ಏನು 5:10 ಆಗಲ್ಲ. ಡಾರ್ಬಿಯನ್, ಕಾಸ್ಮಿಕ್ ಥರದವರು ವಿಶ್ವದಾಖಲೆ ಮಾಡಿಯೂ, ತಾವು ಹೇಗೆ ಆಡುತ್ತೇವೆ ಅಂತ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು. ಅದನ್ನು ನೋಡಿ ಕಲಿತವರು ಅವರನ್ನೇ ದಾಟಿದರು. ಆ ಎರಡು ಸೆಕೆಂಡು ಹಾಗೇ ಕರಗಿದ್ದು. ನಾನು ಬಚ್ಚಿಟ್ಟಿದ್ದು ಕೂಡ ಅಂಥ ವಿಡಿಯೋಗಳಿಂದ ಪುಕ್ಕಟೆ ಸಿಕ್ಕಿದ್ದೇ!

ಹುಡುಗನಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಬಂದ, ನಾನು ಬಾಯಿ ತೆಗೆಯುವ ಮೊದಲೇ ಕೂತು 4-2 ದಾಟಿ ತೋರಿಸಿದ.

“ಹೆಂಗೆ ಕಲಿತೆ?”

“ವಿಡಿಯೋ ನೋಡ್ದೆ ಅಣ್ಣ. ಅವರ ಇಂಗ್ಲಿಷ್ ಓಟ ಅರ್ಥ ಆಗಲ್ಲ. ಸೌಂಡ್ ತೆಗೆದು, ನಿಧಾನಕ್ಕೆ ಓಡಿಸಿ, ಬರೀ ಕೈ ನೋಡ್ದೆ. ಕನ್ನಡದಲ್ಲಿ ಹೇಳ್ಕೊಡೋರು ಸಿಕ್ತಾರೆ ಅಂತಾನೇ ಇಲ್ಲಿಗೆ ಬರ್ತಿದ್ದಿದ್ದು.”

“ನಂಗೆ ಗೊತ್ತಿತ್ತು. ನಿಂಗೆ ಹೇಳ್ಲಿಲ್ಲ” ಅಂದೆ.

“ಗೊತ್ತಾಗಿತ್ತು ಬಿಡಿ ಅಣ್ಣ. ನಿಮ್ಮ ಬೆರಳು ನೋಡ್ತಿದ್ದೆ.”

ಅವನು ಇಷ್ಟನ್ನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಯಾರು ಏನು ಕಲಿತರೂ ಆ ಭಾನುವಾರವೇ ಎಲ್ಲರ ಮುಂದೆ, ನಿಧಾನಕ್ಕೆ, ಕನ್ನಡದಲ್ಲಿ ತೋರಿಸಬೇಕು. ಮೊದಲ ಪಾಠ ನನ್ನದು. ಈಗ ಹನ್ನೊಂದು ಜನ ಇದ್ದೀವಿ. ಹುಡುಗನದು 4:59, ನನ್ನದು 5:01. ಒಂಟಿಯಾಗಿ ಒಂದು ವರ್ಷ ಬೆವರು ಸುರಿಸಿದರೂ ಬರದಿದ್ದ ಮೂರು ಸೆಕೆಂಡು, ಅವನು ನನ್ನ ಜಿಗಿತ ತಿದ್ದಿದ ಮೇಲೆ ಬಂತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಗೆ ಹೋದೆ. ಗೆಳೆಯ ಈಗ ತೋಟ ನೋಡಿಕೊಳ್ತಾನೆ, ಕೊಬ್ಬರಿ ವ್ಯಾಪಾರವೂ ಇದೆ. ಅದೇ ನಡುಮನೆ. ಅವನ ಮಗಳು ನಮ್ಮಿಬ್ಬರ ನಡುವೆ ನುಸುಳಿ ಕೂತಳು. ಒಬ್ಬರಿಗೆ ಒಂದು ಲೈಫ್ ಅಂತ ಅವನೇ ಹೇಳಿದ. 4-2ರ ಕೊಳವೆ ತೋರಿಸಿದೆ. ಆರನೇ ಸಲಕ್ಕೆ ಅವನಿಗೂ ಬಂತು.

“ಇಷ್ಟೇನಾ?” ಅಂತ ತೊಡೆ ತಟ್ಟಿದ. “ಇದನ್ನ ಆವಾಗ್ಲೇ ಯಾಕೋ ಹೇಳ್ಲಿಲ್ಲ?”

“ಆವಾಗ ನಂಗೂ ಗೊತ್ತಿರ್ಲಿಲ್ಲ ಕಣೋ” ಅಂದೆ.

ಆಟದ ಮಟ್ಟಿಗೆ ಅದು ನಿಜ. ನೀಲಿ ಫೈಲಿನ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಮಗಳು “ಈಗ ನನ್ ಲೈಫು” ಅಂತ ಕೀಬೋರ್ಡ್ ಎಳೆದುಕೊಂಡಳು.