ಶರೀರದ ಸ್ವ-ಪರ ವಿವೇಕ

ಮಂಗಳೂರಿನ ಹಂಪನಕಟ್ಟೆಯ ಸಮೀಪದ ಆಸ್ಪತ್ರೆಯೊಂದರಲ್ಲಿ ಅಕ್ಕ-ತಮ್ಮ ಇಬ್ಬರು ವೈದ್ಯರ ಎದುರು ಕುಳಿತಿದ್ದರು. ತಮ್ಮನ ಮೂತ್ರಪಿಂಡಗಳೆರಡೂ ನಿಷ್ಕ್ರಿಯವಾಗಿದ್ದವು. ತನ್ನದೊಂದನ್ನು ಕೊಡಲು ಅಕ್ಕ ಮುಂದಾಗಿದ್ದರು. ರಕ್ತದ ಗುಂಪು ಕೂಡಿಬಂದಿತ್ತು. ಅಂಗಾಂಶದ ಗುರುತು ಮಾತ್ರ ಅರ್ಧದಷ್ಟೇ ಹೊಂದಿತ್ತು. "ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ನನ್ನದು ಇವನಿಗೆ ಪರಕೀಯವಾಗುವುದು ಹೇಗೆ ಡಾಕ್ಟ್ರೇ?" ಎಂದು ಅಕ್ಕ ಕೇಳಿದರು. ಅಳಿಯಸಂತಾನದ ಕಟ್ಟಿನಲ್ಲಿ ಬಾಳಿದ ತುಳುನಾಡಿನ ಜೈನ ಮನೆತನಗಳಲ್ಲಿ ಅಕ್ಕನೂ ತಮ್ಮನೂ ಒಂದೇ ಬಳಿಗೆ ಸೇರಿದವರು. ಪ್ರಶ್ನೆ ಸಹಜವಾದದ್ದೇ.

ಶರೀರವು ಮಾತ್ರ ಬಳಿಯನ್ನು ಅರಿಯದು. ಬಹುತೇಕ ಎಲ್ಲ ಜೀವಕೋಶಗಳೂ ತಮ್ಮೊಳಗಿನ ಪ್ರೋಟೀನುಗಳ ತುಣುಕುಗಳನ್ನು ಎಚ್.ಎಲ್.ಎ. ಎಂಬ ಅಣುಗಳ ಮೇಲಿರಿಸಿ ಹೊರಮೈಯಲ್ಲಿ ತೋರಿಸುತ್ತವೆ. 'ಟಿ' ಕಣಗಳೆಂಬ ಬಿಳಿ ರಕ್ತಕಣಗಳು ಅವನ್ನು ಮುಟ್ಟಿ ಪರೀಕ್ಷಿಸುತ್ತವೆ. ತುಣುಕು ರೋಗಾಣುವಿನದಾದರೆ, ಇಲ್ಲವೆ ಎಚ್.ಎಲ್.ಎ.ಯೇ ಬೇರೆಯದಾದರೆ, ದಾಳಿಗೆ ತೊಡಗುತ್ತವೆ. ಈ ಗುರುತಿನ ಒಂದು ಪಾಲು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುವುದರಿಂದ ಒಡಹುಟ್ಟಿದವರಲ್ಲಿಯೂ ಪೂರ್ಣ ಹೊಂದಿಕೆಯ ಸಂಭವ 4ರಲ್ಲಿ 1 ಮಾತ್ರ.

ಈ ಕಣಗಳು ಸ್ವ-ಪರ ಭೇದವನ್ನು ಕಲಿಯುವುದು ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಸ್ವಂತ ಶರೀರದ ಮೇಲೆಯೇ ಎರಗಬಲ್ಲ ಕಣಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ತಪ್ಪಿಸಿಕೊಂಡವನ್ನು ಹತೋಟಿಯಲ್ಲಿಡಲು ನಿಯಂತ್ರಕ ಕಣಗಳಿವೆ. ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ಇವನ್ನು ಗುರುತಿಸಿದರು. ಈ ಕ್ಷೇತ್ರದ ಸಂಶೋಧನೆಗಾಗಿ ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಪಾರಿತೋಷಕ ಸಂದಿತು. ಶರೀರವು ತನ್ನ ಕಾವಲುಗಾರರಿಗೆ ಕಲಿಸುವ ಮೊದಲ ಪಾಠ ಸಂಯಮವೇ ಆಗಿದೆ.

ಶಸ್ತ್ರಚಿಕಿತ್ಸೆ ನೆರವೇರಿತು. ಆದರೆ ಅಕ್ಕನ ಅಂಗವನ್ನು ತಮ್ಮನ ಕಣಗಳು ತಾವಾಗಿ ಒಪ್ಪುವುದಿಲ್ಲ. ಅವುಗಳ ಉಗ್ರತೆಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಗುಳಿಗೆಯನ್ನು 12 ಗಂಟೆಗೊಮ್ಮೆ ಸೇವಿಸಬೇಕು. ತಮ್ಮನಾದರೋ ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವ್ರತ ಹಿಡಿದವರು. ಚಳಿಗಾಲದಲ್ಲಿ ಮಂಗಳೂರಿನ ಹಗಲು 12 ಗಂಟೆಗಿಂತ ಕಡಿಮೆ. ಒಂದು ಗುಳಿಗೆ ಕತ್ತಲಿಗೇ ಬೀಳುತ್ತದೆ. ಒಂದು ಹೊತ್ತು ಬಿಟ್ಟರೇನೆಂದು ಅವರು ವಿಚಾರಿಸಿದರು. ಹಾಗೆ ಬಿಡುತ್ತ ಹೋದರೆ ಕಾವಲುಕಣಗಳು ಮತ್ತೆ ಎಚ್ಚೆತ್ತಾವೆಂದು ವೈದ್ಯರು ತಿಳಿಸಿದರು. ಅಕ್ಕ ಏನನ್ನೂ ಹೇಳಲಿಲ್ಲ.

ಕೆಲವು ದಿನಗಳ ಚಿಂತನೆಯ ಬಳಿಕ ತಮ್ಮನೇ ನಿರ್ಧರಿಸಿದರು: ಊಟ ಸೂರ್ಯಾಸ್ತಕ್ಕೆ ಮುಂಚೆ, ಗುಳಿಗೆಯೂ ಅದಕ್ಕೆ ಬೇಕಾದಷ್ಟೇ ನೀರೂ ಹೊತ್ತಿಗೆ ಸರಿಯಾಗಿ. "ಇದು ನನ್ನ ದೇಹಸುಖಕ್ಕಲ್ಲ ಅಕ್ಕಾ, ನೀನು ಕೊಟ್ಟದ್ದನ್ನು ಕಾಯುವುದಕ್ಕೆ" ಎಂದರು.

ಆತ್ಮದ ದೃಷ್ಟಿಗೆ ಶರೀರವೇ ಪರವೆಂಬುದನ್ನು ಅವರು ಬಲ್ಲರು. ಆದರೂ ಆ ಶರೀರದಲ್ಲಿ ಇನ್ನೊಬ್ಬರ ತ್ಯಾಗವು ಸೇರಿಕೊಂಡ ಮೇಲೆ ಅದನ್ನು ಉಪೇಕ್ಷಿಸುವುದು ವ್ರತಪಾಲನೆಯಾಗಲಾರದು. ರಕ್ತದ ಕಣಗಳು ಅರಿಯದ ಬಾಂಧವ್ಯವನ್ನು ಮನುಷ್ಯನು ಅರಿತು ನಡೆಯಬೇಕಾಗುತ್ತದೆ.